ಪಾಪೆ ಸರಿದ ಕಣ್ಣಿನ ಒತ್ತಡ ಅಳೆಯಲು ನಿರಾಕರಿಸಿದ ಬಗ್ಗೆ ದೂರು

ಆಸ್ಪತ್ರೆಯ ಆಡಳಿತಾಧಿಕಾರಿಗಳಿಗೆ,

ಮಾನ್ಯರೇ,

ಫೋನಿನಲ್ಲಿ ವಿನಯದಿಂದ ಕೇಳಿಕೊಂಡಾಗಲೆಲ್ಲ ‘ವೈದ್ಯರಿಗೆ ತಿಳಿಸುತ್ತೇವೆ’ ಎಂಬ ಒಂದೇ ಉತ್ತರ ಬಂದುದರಿಂದ ಈ ಪತ್ರ ಬರೆಯುತ್ತಿದ್ದೇನೆ. ನನ್ನ ಮಗಳ ಎಡಗಣ್ಣಿನ ಪಾಪೆ ಹುಟ್ಟಿನಿಂದಲೂ ನಡುವಿನಲ್ಲಿಲ್ಲ. ಮೂಗಿನ ಕಡೆಗೆ ಸರಿದಿದೆ. ಅದನ್ನು ಆಕ್ಸೆನ್‌ಫೆಲ್ಡ್-ರೀಗರ್ ಎಂಬ, ಕಣ್ಣಿನ ಮುಂಭಾಗ ಸರಿಯಾಗಿ ಬೆಳೆಯದ ಹುಟ್ಟುದೋಷ ಎಂದು ಕಡತದಲ್ಲಿ ಬರೆದವರು ನಿಮ್ಮ ವೈದ್ಯರೇ. ಆ ಹೆಸರು ಬರೆದ ಮೇಲೂ ‘ಕಣ್ಣಿನ ಒತ್ತಡ’ ಎಂಬ ಕಾಲಂ ಪ್ರತಿ ಭೇಟಿಯಲ್ಲೂ ಖಾಲಿ ಉಳಿದಿದೆ.

ಕಳೆದ ಬಾರಿ ಒತ್ತಡ ಅಳೆಯಿರಿ ಎಂದು ಕೇಳಿದಾಗ ಕೌಂಟರಿನಲ್ಲಿದ್ದವರು, ಕಾಯುತ್ತಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ, “ಪ್ರೆಶರ್ ಟೆಸ್ಟ್ ನಲವತ್ತು ದಾಟಿದವರಿಗೆ ಮೇಡಂ, ಮಕ್ಕಳಿಗಲ್ಲ” ಎಂದರು. ಪಾಪೆಯ ವಿಷಯ ಹೇಳಿದೆ. “ಅದು ನೋಡೋಕೆ ಹಾಗಿದೆ ಅಷ್ಟೆ, ಕಲರ್ ಲೆನ್ಸ್ ಹಾಕಿಸಿ, ಗೊತ್ತಾಗಲ್ಲ” ಎಂದರು. ವೈದ್ಯರನ್ನು ಕೇಳಿ ಎಂದೆ. ಕೌಂಟರಿನವರು ಕುರ್ಚಿಯಿಂದ ಏಳದೆ ವೈದ್ಯರ ಕೋಣೆಯ ಬಾಗಿಲ ಕಡೆ ಕೂಗಿದರು. “ಸಿಕ್ಸ್ ಬೈ ಸಿಕ್ಸ್ ಕಾಣ್ತಿದೆಯಲ್ಲ, ಇನ್ನೇನು ಬೇಕಂತೆ?” ಎಂದು ಒಳಗಿನಿಂದ ಉತ್ತರ ಬಂತು. ಅಷ್ಟರಲ್ಲಿ ಮಗಳು ಆ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡಿದ್ದಳು. “ನೋಡಿ, ನೀವೇ ಮಗೂನ ಹೆದರಿಸ್ತಿದ್ದೀರಿ” ಎಂದು ನನಗೇ ಬುದ್ಧಿ ಹೇಳಿ ಮುಂದಿನ ಟೋಕನ್ ಕರೆದರು.

ಈ ಸ್ಥಿತಿಯಿರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಕಣ್ಣಿನ ಒತ್ತಡ ಏರಿ ದೃಷ್ಟಿನರ ಹಾಳಾಗುವ ಗ್ಲಾಕೋಮಾ ಬರುತ್ತದೆ, ಅದು ಬಾಲ್ಯ, ಹದಿಹರೆಯ, ಯೌವನದಲ್ಲೇ ಕಾಣಿಸಿಕೊಳ್ಳುವುದು ಹೆಚ್ಚು ಎಂಬುದನ್ನು ಕಣ್ಣಿನ ಆಸ್ಪತ್ರೆಗೆ ಒಬ್ಬ ತಾಯಿ ಹೇಳಿಕೊಡಬೇಕೇ? ಪಾಪೆ ಸರಿದಿರುವುದು ಹೊರಗೆ ಕಾಣುವ ಗುರುತು ಮಾತ್ರ. ಕಣ್ಣೊಳಗಿನ ದ್ರವ ಹರಿದುಹೋಗುವ ಕೋನವೇ ಗರ್ಭದಲ್ಲಿ ಸರಿಯಾಗಿ ಬೆಳೆದಿರುವುದಿಲ್ಲವಾದ್ದರಿಂದ ಒತ್ತಡ ಏರುತ್ತದೆ. ಗ್ಲಾಕೋಮಾ ಸಾಮಾನ್ಯವಾಗಿ ಮೊದಲು ಅಂಚಿನ ನೋಟವನ್ನು ಕಸಿಯುವುದರಿಂದ ಬೋರ್ಡಿನ ಕೊನೆಯ ಸಾಲು ಓದಿ ‘ಸಿಕ್ಸ್ ಬೈ ಸಿಕ್ಸ್’ ಎನಿಸಿಕೊಂಡ ಮಾತ್ರಕ್ಕೆ ಕಣ್ಣು ಸುರಕ್ಷಿತವೆನ್ನಲಾಗದು.

ಬೇರೆಡೆ ಪರೀಕ್ಷಿಸಿದಾಗ ಆ ಕಣ್ಣಿನ ಒತ್ತಡ 31 ಮಿ.ಮೀ. ಪಾದರಸ ಇತ್ತು, ಸಾಮಾನ್ಯ ಮಟ್ಟ 10ರಿಂದ 21. ಆ ಕೋನವನ್ನು ವಿಶೇಷ ಮಸೂರದಿಂದ ನೋಡುವ ಗೋನಿಯೋಸ್ಕೋಪಿ ಪರೀಕ್ಷೆಯಲ್ಲಿ ಕೋನದ ದೋಷ ಕಂಡಿತು, ದೃಷ್ಟಿನರಕ್ಕೆ ಆಗಲೇ ಹಾನಿಯಾಗಿತ್ತು. ಈಗ ದಿನವೂ ಡ್ರಾಪ್ಸ್ ಹಾಕುತ್ತಿದ್ದೇವೆ, ಶಸ್ತ್ರಚಿಕಿತ್ಸೆಯ ಮಾತೂ ಬಂದಿದೆ. ಹಾಳಾದ ನರವನ್ನು ಯಾವ ಔಷಧವೂ ಮರಳಿಸದು.

ಮಗಳ ಪೂರ್ತಿ ಕಡತದ ಪ್ರತಿಯೂ, ಒತ್ತಡ ಏಕೆ ಅಳೆಯಲಿಲ್ಲ ಎಂಬುದಕ್ಕೆ ವೈದ್ಯರ ಸಹಿಯುಳ್ಳ ವಿವರಣೆಯೂ 15 ದಿನಗಳೊಳಗೆ ನನಗೆ ತಲುಪಬೇಕು. ತಪ್ಪಿದರೆ ವೈದ್ಯಕೀಯ ಮಂಡಳಿಗೂ ಗ್ರಾಹಕ ನ್ಯಾಯಾಲಯಕ್ಕೂ ಹೋಗುತ್ತೇನೆ; ಇಂಥ ಕಣ್ಣಿನ ಮಕ್ಕಳಿರುವ, ನನಗೆ ಪರಿಚಯವಿರುವ ಪ್ರತಿಯೊಂದು ಮನೆಗೂ ಈ ಪತ್ರ ತಲುಪಿಸುತ್ತೇನೆ. ಫೋನ್ ಮಾಡಬೇಡಿ, ಉತ್ತರ ಲಿಖಿತವಾಗಿಯೇ ಬರಲಿ.

ಇತಿ,
ಬಾಲಕಿಯ ತಾಯಿ