‘ವಿರಾಮ’ ಬೇಡ, ‘ಬಿಡುವು’ ಅಂತ ಬರೆಯಿರಿ

ಮಾನ್ಯ ಸಂಪಾದಕರೇ,

ಕಳೆದ ವರ್ಷ ನಮ್ಮ ಯಜಮಾನರಿಗೆ ಮಂಡಿ ಆಪರೇಷನ್ ಆಯಿತು. ಖರ್ಚು ಜಾಸ್ತಿ ಇತ್ತು. ಪ್ರತಿ ತಿಂಗಳು ಖಾತೆಯಿಂದ ತಾನಾಗಿ 2,000 ರೂಪಾಯಿ ಮ್ಯೂಚುವಲ್ ಫಂಡ್‌ಗೆ ಹೋಗುವ ಒಂದು ಎಸ್‌ಐಪಿ ನಡೆಯುತ್ತಿತ್ತು. ಅದನ್ನು ನಿಲ್ಲಿಸಿಬಿಡೋಣ ಅಂತ ಫೋನ್ ತೆಗೆದರು. ಆ್ಯಪ್ ಕನ್ನಡದಲ್ಲೇ ಇತ್ತು. ‘ವಿರಾಮ’ ಅಂತ ಕಂಡಿತು, ಒತ್ತಿದರು. ಮೂರು ತಿಂಗಳು ದುಡ್ಡು ಹೋಗಲಿಲ್ಲ. ನಾಲ್ಕನೇ ತಿಂಗಳು ಮತ್ತೆ ಶುರುವಾಯಿತು. ಖಾತೆಯಲ್ಲಿ ಅಷ್ಟು ದುಡ್ಡಿರಲಿಲ್ಲ. ಬ್ಯಾಂಕಿನವರು ದಂಡ ಹಾಕಿದರು. ಅವರು ಒತ್ತಿದ್ದು ಇಂಗ್ಲಿಷಿನ ‘ಪಾಝ್’ (pause), ಅಂದರೆ ಸ್ವಲ್ಪ ಕಾಲ ತಡೆಯುವುದು. ಒತ್ತಬೇಕಾಗಿದ್ದದ್ದು ಅದರ ಕೆಳಗಿದ್ದ ‘ರದ್ದು’.

“ವಿರಾಮ ಅಂದ್ರೆ ಮುಗೀತು ಅಂತ ಅಲ್ವಾ?” ಅಂದರು. ಅವರದೇ ತಪ್ಪು ಅನ್ನಲು ನನಗೆ ಬಾಯಿ ಬರಲಿಲ್ಲ. ನಾನು 29 ವರ್ಷ ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟವಳು. ಮಕ್ಕಳು ಪಾಠ ಓದುವಾಗ ಕಾಮಾ ಬಂದರೆ ಮೇಜಿಗೆ ಒಂದು ಸಲ ತಟ್ಟುತ್ತಿದ್ದೆ, ಫುಲ್‌ಸ್ಟಾಪ್ ಬಂದರೆ ಎರಡು ಸಲ. ಕನ್ನಡ ಮೇಡಂ ಅದೇ ಮಕ್ಕಳಿಗೆ ಅಲ್ಪವಿರಾಮ, ಪೂರ್ಣವಿರಾಮ ಅಂತ ಹೇಳಿಕೊಡುತ್ತಿದ್ದರು. ಎರಡರಲ್ಲೂ ವಿರಾಮ ಇದೆ. ಮುಂದೆ ‘ಅಲ್ಪ’ವೋ ‘ಪೂರ್ಣ’ವೋ ಇಲ್ಲದಿದ್ದರೆ ಯಾವುದು ಅಂತ ತಿಳಿಯುವುದು ಹೇಗೆ? ಪತ್ರಿಕೆಗಳಲ್ಲೂ ಇದೇ ಗೊಂದಲ. ‘ಕದನ ವಿರಾಮ’ ಅಂದರೆ ಗುಂಡಿನ ಸದ್ದು ಸದ್ಯಕ್ಕೆ ನಿಂತಿದೆ. ‘ವದಂತಿಗೆ ವಿರಾಮ’ ಅಂದರೆ ವದಂತಿ ಮುಗಿದೇಹೋಯಿತು.

ಇಂಗ್ಲಿಷಿನ ಪಾಝ್ ಹಾಗಲ್ಲ. ಮತ್ತೆ ಶುರುವಾಗುತ್ತದೆ ಅನ್ನುವುದು ಆ ಮಾತಿನೊಳಗೇ ಇದೆ. ಹಾಡು ಕೇಳುವಾಗ ಎರಡು ಉದ್ದ ಗೀಟಿನ ಗುಂಡಿ ಒತ್ತಿದರೆ ಹಾಡು ಎಲ್ಲಿತ್ತೋ ಅಲ್ಲೇ ಕಾಯುತ್ತದೆ. ಚೌಕದ ಗುಂಡಿ ಒತ್ತಿದರೆ ಹಾಡು ನಿಂತಿತು. ಈ ಮಾತಿನ ಗ್ರೀಕ್ ಮೂಲದಲ್ಲಿ ಮಾತ್ರ ಪೂರ್ತಿ ನಿಲ್ಲುವ ಅರ್ಥವೂ ಇತ್ತು. ಅದು ‘ಮೆನೋಪಾಝ್’ನಲ್ಲಿ ಹಾಗೇ ಉಳಿದಿದೆ. ನಮ್ಮ ಹೆಂಗಸರು ಅದಕ್ಕೆ ‘ಮುಟ್ಟು ನಿಲ್ಲೋದು’ ಅಂತಾರೆ. ಎಷ್ಟು ಸರಿಯಾಗಿ ಹೇಳಿದ್ದಾರೆ ನೋಡಿ!

ನನ್ನ ಮಗ ಬೆಂಗಳೂರಿನಲ್ಲಿ ಸಾಲ ಮಾಡಿ ಮನೆ ತೆಗೆದುಕೊಂಡಿದ್ದಾನೆ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿವರೆಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, ಶೇ 4ರಿಂದ ಶೇ 6.5ಕ್ಕೆ ಏರಿಸಿತು; ಮಗನ ಸಾಲದ ಬಡ್ಡಿಗೂ ಅದೇ ಆಧಾರ. ಏಪ್ರಿಲ್ 6ರಂದು ಏರಿಸಲಿಲ್ಲ. ಇದು ಪಾಝ್, ಅದೂ ದರ ನಿರ್ಧರಿಸುವ ಈ ಸಭೆಗೆ ಮಾತ್ರ ಅಂತ ಆಗಿನ ಗವರ್ನರ್ ಶಕ್ತಿಕಾಂತ ದಾಸ್ ಒತ್ತಿ ಹೇಳಿದ್ದರು. ಬೇಕಾದರೆ ಮುಂದೆ ಏರಿಸುತ್ತೇವೆ ಅನ್ನುವುದೇ ಅದರ ಅರ್ಥ. ದರ ಆಮೇಲೆ ಏರಲಿಲ್ಲ, 2025ರ ಫೆಬ್ರುವರಿಯಲ್ಲಿ ಇಳಿಯಿತು, ಅದು ಬೇರೆ ಮಾತು. ಅವತ್ತು ‘ಬಡ್ಡಿ ಏರಿಕೆಗೆ ವಿರಾಮ’ ಅಂತ ಓದಿದವರು ಇನ್ನು ಏರುವುದೇ ಇಲ್ಲ ಅಂದುಕೊಂಡಿದ್ದರೆ ಅವರ ತಪ್ಪೇನು?

ನಮ್ಮ ತೀರ್ಥಹಳ್ಳಿ ಕಡೆ ಆಷಾಢದ ಮಳೆ ಒಂದು ಗಂಟೆ ತಡೆದರೆ ಯಾರೂ ‘ಮಳೆ ನಿಂತಿತು’ ಅನ್ನುವುದಿಲ್ಲ. ‘ಹೊಳವಾಯ್ತು’ ಅಂತಾರೆ. ‘ಸ್ವಲ್ಪ ಬಿಡುವು ಕೊಟ್ಟಿದೆ, ಬೇಗ ಪೇಟೆಗೆ ಹೋಗಿ ಬಾ’ ಅಂತಾರೆ. ಬಿಡುವು ಅಂದ ಕೂಡಲೇ ಮಳೆ ಮತ್ತೆ ಹಿಡಿಯುತ್ತದೆ ಅಂತ ಸಣ್ಣ ಮಕ್ಕಳಿಗೂ ಗೊತ್ತು. ನಿಮ್ಮ ಜಿಲ್ಲಾ ಪುಟದಲ್ಲೂ ‘ಬಿಡುವು ಕೊಟ್ಟ ಮಳೆ’ ಅಂತಲೇ ಬರುತ್ತದೆ. ಅಷ್ಟು ಒಳ್ಳೆಯ ಮಾತು ಕೈಯಲ್ಲೇ ಇರುವಾಗ ವಾಣಿಜ್ಯ ಪುಟದಲ್ಲಿ ವಿರಾಮ, ಸ್ಥಗಿತ, ಬ್ರೇಕ್ ಅಂತ ಯಾಕೆ ಬರೆಯಬೇಕು? ‘ಬಡ್ಡಿ ಏರಿಕೆಗೆ ಸದ್ಯ ಬಿಡುವು’ ಅಂದರೆ ಯಾರಿಗೆ ಅರ್ಥವಾಗುವುದಿಲ್ಲ? ಇಂಗ್ಲಿಷ್ ಮಾತೇ ಬೇಕಿದ್ದರೆ ದಯವಿಟ್ಟು ‘ಪಾಸ್’ ಅಂತ ಅಚ್ಚು ಹಾಕಬೇಡಿ. ಅದು ಪರೀಕ್ಷೆಯ ಪಾಸೋ, ಬಸ್ ಪಾಸೋ ಅಂತ ಓದುವವರು ತಡಕಾಡಬೇಕಾಗುತ್ತದೆ.

ಆ್ಯಪ್‌ಗಳಿಗೆ ಕನ್ನಡ ಮಾಡಿಕೊಡುವವರೂ ನಿಮ್ಮ ಪತ್ರಿಕೆ ಓದುತ್ತಿರಬಹುದು. ದುಡ್ಡಿನ ವಿಷಯದಲ್ಲಿ ಬರಿ ‘ವಿರಾಮ’ ಅಂತ ಬರೆದು ಬಿಡಬೇಡಿ ಅಂತ ಅವರಿಗೆ ನನ್ನ ವಿನಂತಿ. ‘ಸದ್ಯಕ್ಕೆ ನಿಲ್ಲಿಸಿ’ ಅಂತ ಬರೆಯಿರಿ. ಅದರ ಕೆಳಗೇ, ದುಡ್ಡು ಮತ್ತೆ ಯಾವ ತಾರೀಕಿನಿಂದ ಹೋಗುತ್ತದೆ ಅಂತ ದಪ್ಪ ಅಕ್ಷರದಲ್ಲಿ ಹಾಕಿ.

— ನಿವೃತ್ತ ಇಂಗ್ಲಿಷ್ ಶಿಕ್ಷಕಿ, ತೀರ್ಥಹಳ್ಳಿ