ಮಕ್ಕಳ ಮೈಕಟ್ಟು ಮತ್ತು ಅಡ್ಡಹೆಸರು: ಪೋಷಕರಿಗೆ ಪತ್ರ

ಸರ್ಕಾರಿ ಪ್ರೌಢಶಾಲೆ, ಕೊಪ್ಪಳ ತಾಲ್ಲೂಕು

ಮಾನ್ಯ ಪೋಷಕರೇ,

ವಾರ್ಷಿಕೋತ್ಸವದ ನೃತ್ಯಕ್ಕೆ ಹೆಸರು ಕೊಟ್ಟಿದ್ದ ಎಂಟನೆಯ ತರಗತಿಯ ಕೆಲವು ಹುಡುಗಿಯರು ಈಗ ಒಲ್ಲೆವೆನ್ನುತ್ತಿದ್ದಾರೆ. ಒಬ್ಬಳಿಗೆ ತಾನು ಎಲ್ಲರಿಗಿಂತ ಎತ್ತರವೆಂಬ ನಾಚಿಕೆ, ಇನ್ನೊಬ್ಬಳಿಗೆ ದಪ್ಪವೆಂಬ ಅಳುಕು. ಬಿಸಿಯೂಟವನ್ನು ಅರ್ಧಕ್ಕೆ ಬಿಟ್ಟು ಏಳುವವರೂ ಇದ್ದಾರೆ. ‘ಗಿಡ್ಡ’, ‘ಲಂಬು’, ‘ಡುಮ್ಮಿ’ ಎಂದು ಕೂಗುವವರನ್ನು ಗದರಲು ಹೋದರೆ, ‘ಅವರ ಮನೆಯಲ್ಲೂ ಹಾಗೇ ಕರೆಯುತ್ತಾರೆ ಸರ್’ ಎಂಬ ಉತ್ತರ ಬಂತು. ಆದ್ದರಿಂದ ಈ ಪತ್ರ ನಿಮಗೆ.

ಈ ವಯಸ್ಸಿನಲ್ಲಿ ಮೈ ಒಂದೇ ಹದದಲ್ಲಿ ಬೆಳೆಯುವುದಿಲ್ಲ. ಮೊದಲು ಪಾದ, ಅಂಗೈ ದೊಡ್ಡದಾಗುತ್ತವೆ. ಆಮೇಲೆ ಕೈಕಾಲು ನೀಳವಾಗುತ್ತವೆ. ಮುಂಡದ ಸರದಿ ಕೊನೆಗೆ. ಹುಡುಗಿಯರಲ್ಲಿ ಇದು ಹುಡುಗರಿಗಿಂತ ಸುಮಾರು 2 ವರ್ಷ ಮೊದಲೇ ಶುರುವಾಗುತ್ತದೆ. ಪ್ರಾರ್ಥನೆಯ ಸಾಲಿನಲ್ಲಿ ಅವರೇ ಎತ್ತರ ಕಾಣುವುದು ಅದಕ್ಕೇ.

ಚೆಲುವಿನ ಅಳತೆಯಾದರೂ ಎಲ್ಲಿ ನಿಂತಿದೆ? ಮಳೆ ನಂಬಿ ಬದುಕಿದ ನಮ್ಮ ಕಡೆ ಮೈಕೈ ತುಂಬಿಕೊಂಡ ಸೊಸೆ ಬಂದರೆ ಅಜ್ಜಿಯರು ದೃಷ್ಟಿ ತೆಗೆಯುತ್ತಿದ್ದರು. ಮೊಮ್ಮಗಳು ಅಂಥದ್ದೇ ಮೈಯನ್ನು ಮೊಬೈಲಿನ ಫಿಲ್ಟರ್‌ನಲ್ಲಿ ಸಣ್ಣ ಮಾಡಿ ಸ್ಟೇಟಸ್‌ಗೆ ಹಾಕುತ್ತಾಳೆ. ಶಿಲ್ಪಿಗಳ ಲೆಕ್ಕ ನಮ್ಮದಕ್ಕಿಂತ ಉದಾರವಾಗಿತ್ತು. ಮುಖದ ಉದ್ದವನ್ನು ಒಂದು ತಾಳವೆಂದು ಹಿಡಿದು ದೇವತೆಗಳಿಗೆ ಒಂಬತ್ತು ತಾಳದ ಮೈ ಕೊಟ್ಟವರು ಗಣಪತಿಗೆ ಐದೇ ತಾಳ ಕೊಟ್ಟರು, ಅದೂ ಶಾಸ್ತ್ರವೇ. ಹಂಪಿಯ ಸಾಸಿವೆಕಾಳು ಗಣಪನ ಹೊಟ್ಟೆಗೆ ಕೈಮುಗಿದು ಬಂದ ನಮ್ಮ ಮಕ್ಕಳು, ವಾಪಸಾಗುವ ಬಸ್ಸಿನಲ್ಲೇ ಗೆಳೆಯನ ಹೊಟ್ಟೆಯನ್ನು ಹಾಸ್ಯ ಮಾಡುತ್ತಾರೆ. (ಶಿಕ್ಷಕರಲ್ಲಿಯೂ ಕೆಲವರು ನಗುತ್ತಾರೆ. ಅವರಿಗೆ ಬೇರೆಯಾಗಿ ಹೇಳಿದ್ದೇನೆ.)

ಜಾತ್ರೆಯ ನಾಟಕದಲ್ಲಿ ತೀರ ಕುಳ್ಳಗಿರುವವರನ್ನು ನಗಿಸುವುದಕ್ಕೆಂದೇ ನಿಲ್ಲಿಸುತ್ತಿದ್ದ ಕಾಲವಿತ್ತು. ಈಗ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕುಬ್ಜತೆಯನ್ನು 21 ಬಗೆಯ ಅಂಗವೈಕಲ್ಯಗಳಲ್ಲಿ ಸೇರಿಸಿದೆ. ವೈದ್ಯಕೀಯ ಅಥವಾ ಆನುವಂಶಿಕ ಕಾರಣದಿಂದ ವಯಸ್ಕರಾದ ಮೇಲೂ ಎತ್ತರ 147 ಸೆಂಟಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇರುವವರು ಇದರ ವ್ಯಾಪ್ತಿಗೆ ಬರುತ್ತಾರೆ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಪ್ರಮಾಣಪತ್ರ ಮಾಡಿಸಿ. ಅರ್ಜಿ ತುಂಬಲು ನಾವು ನೆರವಾಗುತ್ತೇವೆ.

ಮಗುವಿನ ಬೆಳವಣಿಗೆಯ ಬಗ್ಗೆ ನಿಜವಾಗಿಯೂ ಚಿಂತೆಯಿದ್ದರೆ, ತಪಾಸಣೆಗೆ ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಕ್ಕೆ ತೋರಿಸೋಣ. ಎತ್ತರ ಮಾಡುವ ಪುಡಿ, ತೆಳ್ಳಗೆ ಮಾಡುವ ಪಾನೀಯ ಎಂದು ದುಡ್ಡು ಸುರಿಯಬೇಡಿ. ಮನೆಯಲ್ಲಿ ಮಗುವನ್ನು ಹೆಸರು ಹಿಡಿದೇ ಕರೆಯಿರಿ. ಬಂದ ನೆಂಟರಿಗೂ ಹಾಗೆಯೇ ಹೇಳಿ.

ನೃತ್ಯದಲ್ಲಿ ಎತ್ತರ ನೋಡಿ ಹಿಂದೆ ಮುಂದೆ ನಿಲ್ಲಿಸುವುದನ್ನು ಈ ವರ್ಷದಿಂದ ಬಿಟ್ಟಿದ್ದೇವೆ. ಹಿಂದೆ ಸರಿದವರು ಶನಿವಾರದೊಳಗೆ ಮತ್ತೆ ಹೆಸರು ಕೊಡಬಹುದು.

ಇಂತಿ,
ಮುಖ್ಯೋಪಾಧ್ಯಾಯರು