ಹಾರೆ ಹಿಡಿದು ಕಲಿಸಿಕೊಟ್ಟವರಿಗೆ

ಮಕ್ಕಳ ಹೊರಾಂಗಣ ಶಿಬಿರದಲ್ಲಿ ನಾನು ಪರಿಸರ ಸಂರಕ್ಷಣೆಯ ಇಂಟರ್ನ್ ಆಗಿದ್ದೆ. ಕಾಲುದಾರಿಯ ಮಣ್ಣು ಮಳೆಗೆ ಕೊಚ್ಚಿಹೋಗದಂತೆ ಕಲ್ಲಿನ ತಡೆ ಕಟ್ಟುವುದು ನಮ್ಮ ಕೆಲಸ. ಎರಡು ದಿನ ಬೆವರು ಸುರಿಸಿ ಕಟ್ಟಿದ್ದು ಒಂದೇ ಮಳೆಗೆ ಕಿತ್ತುಬಂತು. ಮಕ್ಕಳ ಮುಂದೆ ಅಳು ಬರುವಂತಾಗಿತ್ತು.

ಆಗ ಅದೇ ದಾರಿಯಲ್ಲಿ ನಡೆದು ಬಂದವರು ನೀವು. ಹೆಸರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಸುಮ್ನೆ ಚೀಲ ಕೆಳಗಿಟ್ಟು, ನಿಮ್ಮ ಬಾಟಲಿಯ ನೀರನ್ನು ದಾರಿಗೆ ಸುರಿದಿರಿ. "ನೀರು ಎತ್ತ ಹೋಗುತ್ತೆ ನೋಡಮ್ಮ" ಅಂದಿರಿ. ನಾನು ಕಲ್ಲುಗಳನ್ನು ದಾರಿಗೆ ನೇರ ಅಡ್ಡಲಾಗಿ ಇಟ್ಟಿದ್ದೆ. ನೀರು ಅಲ್ಲೇ ನಿಂತು, ಉಕ್ಕಿ, ಬುಡದ ಮಣ್ಣನ್ನೇ ಕೊರೆದಿತ್ತು. ಓರೆಯಾಗಿ ಇಟ್ಟರೆ ನೀರು ತಾನಾಗಿ ಪಕ್ಕಕ್ಕೆ ಜಾರುತ್ತದೆ, ಅಲ್ವಾ! ಕಲ್ಲಿನ ಮೂರರಲ್ಲಿ ಎರಡು ಪಾಲು ಮಣ್ಣೊಳಗೆ ಹೂತಿರಬೇಕು, ಮೇಲೆ ನಿಂತರೂ ಅಲುಗಬಾರದು ಎಂದು ತೋರಿಸಿಕೊಟ್ಟಿರಿ. ಹಾರೆಯಲ್ಲಿ ಮೀಟುವಾಗ ಬೆರಳು ಎಲ್ಲಿರಬೇಕು ಅನ್ನುವುದನ್ನೂ ಮಕ್ಕಳಿಗೆ ಒಬ್ಬೊಬ್ಬರಿಗೇ ಹೇಳಿದಿರಿ. ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಅದೇ.

ಆಮೇಲೆ ಜೋರು ಮಳೆ ಬಂತು. ಬೆಳಿಗ್ಗೆ ಎಲ್ಲರೂ ಓಡಿಹೋಗಿ ನೋಡಿದೆವು. ಒಂದು ಕಲ್ಲೂ ಕದಲಿರಲಿಲ್ಲ. ನೀರು ಎಲೆಗಳನ್ನು ತಳ್ಳಿಕೊಂಡು ಪಕ್ಕದ ಹುಲ್ಲಿಗೆ ಇಳಿದ ಗುರುತು ಮಾತ್ರ ಇತ್ತು. ಮಕ್ಕಳು ಕುಣಿದಾಡಿದರು. ನೀವು ಅಲ್ಲಿರಬೇಕಿತ್ತು, ಸರ್. ತುಂಬಾ ಥ್ಯಾಂಕ್ಸ್.